ಕೊಡಲಿ ಹೋಯಿತು, ಜ್ವಾಲೆ ಉಳಿಯಿತು: ಇಟಲಿಯ ಫ್ಯಾಸಿಸ್ಟ್ ಚಿಹ್ನೆಗಳ ಕತೆ

ಜನವರಿ 7 ಇಟಲಿಯಲ್ಲಿ ಬಾವುಟದ ದಿನ. 1797ರಲ್ಲಿ ಅದೇ ದಿನ ಉತ್ತರದ ರೆಜ್ಜೊ ಎಮಿಲಿಯಾ ಊರಿನಲ್ಲಿ ಸೇರಿದ್ದ ಪ್ರತಿನಿಧಿಗಳು ಹಸಿರು, ಬಿಳಿ, ಕೆಂಪು ಬಾವುಟವನ್ನು ತಮ್ಮ ಪುಟ್ಟ ಗಣರಾಜ್ಯಕ್ಕೆ ಆರಿಸಿಕೊಂಡರು. ಈಗಲೂ ಆ ದಿನ ಅಲ್ಲಿ ಸರ್ಕಾರಿ ಸಮಾರಂಭ ನಡೆಯುತ್ತದೆ.

ಅದೇ ದಿನ ಸಂಜೆ ರೋಮ್‌ನ ಆಕ್ಕಾ ಲರೆಂತಿಯಾ ಎಂಬ ರಸ್ತೆಯಲ್ಲಿ ಇನ್ನೊಂದು ಕೂಟ ಸೇರುತ್ತದೆ. 1978ರ ಜನವರಿ 7ರಂದು ಅಲ್ಲಿದ್ದ ಎಂಎಸ್‌ಐ ಪಕ್ಷದ (ಸರ್ವಾಧಿಕಾರಿ ಮುಸ್ಸೊಲಿನಿಯ ಕಡೆಯವರು ಅವನು ಸತ್ತ ಮೇಲೆ ಕಟ್ಟಿದ ಪಕ್ಷ) ಕಚೇರಿ ಹೊರಗೆ ಇಬ್ಬರು ಯುವಕರನ್ನು ಗುಂಡಿಟ್ಟು ಕೊಂದಿದ್ದರು. ಆಮೇಲಿನ ಗಲಾಟೆಯಲ್ಲಿ ಮೂರನೆಯವನೂ ಸತ್ತ. ಅಲ್ಲಿಯ ಅಂಗಳದ ನೆಲದ ಮೇಲೆ ಕಪ್ಪು ಬಣ್ಣದಲ್ಲಿ ಬಳಿದ ದೊಡ್ಡ ಕೆಲ್ಟಿಕ್ ಶಿಲುಬೆ ಇದೆ, ವೃತ್ತ ಸೇರಿದ ಈ ಶಿಲುಬೆ ಉಗ್ರ ಬಲಪಂಥದವರ ಗುರುತು. ಜನ ಸಿಪಾಯಿಗಳ ಹಾಗೆ ಸಾಲು ಸಾಲಾಗಿ ನಿಲ್ಲುತ್ತಾರೆ. ಒಬ್ಬ ಗಟ್ಟಿಯಾಗಿ ಕೂಗುತ್ತಾನೆ, "ಮಡಿದ ಎಲ್ಲ ಒಡನಾಡಿಗಳಿಗಾಗಿ!" ನೂರಾರು ಗಂಟಲುಗಳು ಒಟ್ಟಿಗೇ ಉತ್ತರಿಸುತ್ತವೆ, "ಪ್ರೆಸೆಂತೆ!" ಶಾಲೆಯಲ್ಲಿ ಹಾಜರಿ ಕರೆದಾಗ ನಾವು "ಪ್ರೆಸೆಂಟ್ ಸಾರ್" ಅನ್ನುತ್ತಿದ್ದೆವಲ್ಲ, ಅದೇ ಪದ. ಸತ್ತವರ ಹೆಸರಲ್ಲಿ ಬದುಕಿರುವವರು ಹಾಜರಿ ಹೇಳುತ್ತಾರೆ. ಮೂರು ಸಲ. ಮೂರು ಸಲವೂ ಬಲಗೈ ಸಟ್ಟನೆ ಮೇಲೇಳುತ್ತದೆ.

ಆ ಕೂಗಿನಲ್ಲಿ 'ಒಡನಾಡಿ' ಎಂದು ನಾನು ಬರೆದ ಪದ ಇಟಾಲಿಯನ್‌ನಲ್ಲಿ 'ಕಮೆರಾತ'. ಎಡಪಂಥದವರು ತಮ್ಮವರನ್ನು 'ಕೊಂಪಾನ್ಯೊ' ಎಂದು ಕರೆಯುತ್ತಾರೆ. ಎರಡಕ್ಕೂ ಕನ್ನಡದಲ್ಲಿ ಸಂಗಾತಿ ಅನ್ನಬಹುದು. ಆದರೆ ಅಲ್ಲಿ ಆ ಒಂದು ಪದ ಕೇಳಿದರೆ ಸಾಕು, ಯಾರು ಯಾವ ಕಡೆಯವರು ಎಂದು ಗೊತ್ತಾಗಿಬಿಡುತ್ತದೆ. ಚಿಹ್ನೆ ಅಂದರೆ ಬರೀ ಚಿತ್ರ ಅಂದುಕೊಳ್ಳಬೇಡಿ ಎಂದು ಮೊದಲೇ ಹೇಳಿಬಿಡುತ್ತೇನೆ.

2024ರ ಜನವರಿಯಲ್ಲಿ ಈ ಕೂಟದ ವಿಡಿಯೊ ಜಗತ್ತೆಲ್ಲ ಹರಿದಾಡಿತು. ನೋಡಿದವರೆಲ್ಲ ಕೇಳಿದ್ದು ಒಂದೇ ಪ್ರಶ್ನೆ. ಇಟಲಿಯಲ್ಲಿ ಇದು ಅಪರಾಧ ಅಲ್ವಾ? ಹನ್ನೊಂದು ದಿನ ಬಿಟ್ಟು, ಜನವರಿ 18ರಂದು, ಇಟಲಿಯ ಅತ್ಯುನ್ನತ ಮೇಲ್ಮನವಿ ನ್ಯಾಯಾಲಯ ಬೇರೊಂದು ಮೊಕದ್ದಮೆಯಲ್ಲಿ ಇದಕ್ಕೆ ಉತ್ತರ ಕೊಟ್ಟಿತು. ಅದು ಹೌದೂ ಅಲ್ಲದ, ಇಲ್ಲವೂ ಅಲ್ಲದ ಉತ್ತರ. ಯಾಕೆ ಹಾಗೆ ಎಂದು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಫ್ಯಾಸಿಸಂ ಎಂಬ ಪದವನ್ನು ಬೈಗುಳವಾಗಿ ಬಳಸಿ ಬಳಸಿ ಅದರ ಮೂಲ ನಮಗೆ ಮರೆತೇ ಹೋಗಿದೆ. ಇಟಾಲಿಯನ್‌ನಲ್ಲಿ 'ಫಾಶೊ' ಅಂದರೆ ಕಟ್ಟು, ಹೊರೆ. ಸೌದೆ ಹೊರೆ, ಹುಲ್ಲಿನ ಹೊರೆ, ಯಾವುದಾದರೂ ಸರಿ. ಸಾಯುವ ಮುದುಕ ಜಗಳಗಂಟ ಮಕ್ಕಳನ್ನು ಕರೆದು ಕಡ್ಡಿಗಳ ಕಟ್ಟನ್ನು ಮುರಿಯಲು ಹೇಳಿದ ಕತೆ ನಾವೆಲ್ಲ ಪ್ರೈಮರಿಯಲ್ಲಿ ಓದಿದ್ದೇವೆ. ಒಂದೊಂದೇ ಕಡ್ಡಿ ಮುರಿಯುತ್ತದೆ, ಕಟ್ಟು ಮುರಿಯುವುದಿಲ್ಲ. ಫ್ಯಾಸಿಸ್ಟರ ಚಿಹ್ನೆ ಹೆಚ್ಚುಕಡಿಮೆ ಅದೇ ಕಟ್ಟು. ಒಂದೇ ವ್ಯತ್ಯಾಸ, ಅದರೊಳಗೆ ಕೊಡಲಿಯನ್ನೂ ಸೇರಿಸಿ ಕಟ್ಟಿದ್ದಾರೆ.

ಕೊಡಲಿ ಸೇರಿಸಿದ್ದು ಮುಸ್ಸೊಲಿನಿ ಅಲ್ಲ. ಹಳೆಯ ರೋಮ್‌ನಲ್ಲಿ ದೊಡ್ಡ ಅಧಿಕಾರಿಗಳು ಹೊರಟರೆ ಅವರ ಮುಂದೆ ಲಿಕ್ಟರ್ ಎಂಬ ಸೇವಕರು ಹೆಗಲ ಮೇಲೆ ಈ ಕಟ್ಟು ಹೊತ್ತು ನಡೆಯುತ್ತಿದ್ದರು. ಕಾನ್ಸಲ್ ಎಂಬ ಅತಿ ದೊಡ್ಡ ಅಧಿಕಾರಿಗೆ 12 ಜನ ಲಿಕ್ಟರ್‌ಗಳು. ಸಂಕಟಕಾಲಕ್ಕೆಂದು ನೇಮಕವಾಗುವ ಸರ್ವಾಧಿಕಾರಿಗೆ 24. ಕೋಲು ಇದ್ದದ್ದು ಹೊಡೆಯಲಿಕ್ಕೆ, ಕೊಡಲಿ ತಲೆ ಕಡಿಯಲಿಕ್ಕೆ. ಇಲ್ಲೊಂದು ನಿಯಮ ಇತ್ತು, ನನಗೆ ಇಡೀ ಕತೆಯಲ್ಲಿ ಜಾಸ್ತಿ ಹಿಡಿಸುವುದು ಅದೇ. ರೋಮ್ ನಗರದ ಗಡಿಯೊಳಗೆ ಬರುವಾಗ ಕಾನ್ಸಲ್‌ನ ಲಿಕ್ಟರ್‌ಗಳು ಕಟ್ಟಿನಿಂದ ಕೊಡಲಿಯನ್ನು ತೆಗೆದಿಡಬೇಕಿತ್ತು. ಊರೊಳಗಿನ ಪ್ರಜೆಗೆ ಮರಣದಂಡನೆಯ ವಿರುದ್ಧ ಜನರ ಮುಂದೆ ಮೇಲ್ಮನವಿ ಹೋಗುವ ಹಕ್ಕಿತ್ತು, ಅದಕ್ಕೆ. ಜನಸಭೆಯ ಎದುರು ಕಟ್ಟನ್ನು ಕೆಳಗೆ ಬಾಗಿಸುವ ಪದ್ಧತಿಯೂ ಇತ್ತು. ಅಂದರೆ ಅಧಿಕಾರ ಎಷ್ಟಿದೆ, ಎಲ್ಲಿ ನಿಲ್ಲುತ್ತದೆ ಎರಡನ್ನೂ ಆ ಒಂದೇ ಕಟ್ಟು ತೋರಿಸುತ್ತಿತ್ತು. ಮುಸ್ಸೊಲಿನಿ ಮೊದಲ ಅರ್ಧವನ್ನು ಮಾತ್ರ ಎತ್ತಿಕೊಂಡ. ಅವನ ಕಟ್ಟಿನಿಂದ ಕೊಡಲಿ ಯಾವತ್ತೂ ಇಳಿಯಲಿಲ್ಲ.

ಕಟ್ಟಿನ ಚಿಹ್ನೆಯನ್ನು ಬೇರೆಯವರೂ ಎತ್ತಿಕೊಂಡಿದ್ದರು. ಫ್ರೆಂಚ್ ಕ್ರಾಂತಿಯವರು ಅದನ್ನು ಒಗ್ಗಟ್ಟಿನ ಗುರುತು ಮಾಡಿಕೊಂಡರು. ಅಮೆರಿಕದ ಪ್ರತಿನಿಧಿ ಸಭೆಯಲ್ಲಿ ಸ್ಪೀಕರ್ ಪೀಠದ ಎರಡೂ ಬದಿಗೆ ಇವತ್ತಿಗೂ ಕಂಚಿನ ಕಟ್ಟುಗಳಿವೆ. ವಾಷಿಂಗ್ಟನ್‌ನಲ್ಲಿ ಕೂತಿರುವ ಲಿಂಕನ್ ಪ್ರತಿಮೆಯ ಕೈಗಳು ಇರುವುದು ಇಂಥ ಕಟ್ಟಿನ ಕೆತ್ತನೆಯ ಮೇಲೆಯೇ. 1890ರ ದಶಕದಲ್ಲಿ ಸಿಸಿಲಿಯ ಕೂಲಿಕಾರರು, ಗೇಣಿದಾರರು, ಗಂಧಕದ ಗಣಿಯವರು ಸೇರಿ ಕಟ್ಟಿದ ಸಂಘಗಳ ಹೆಸರೂ ಫಾಶಿ. ಅವರು ಪಕ್ಕಾ ಎಡಪಂಥದವರು. 1894ರಲ್ಲಿ ಸರ್ಕಾರ ಸೈನ್ಯ ಕಳಿಸಿ ಅವರನ್ನು ಮಟ್ಟಹಾಕಿತು. ಆಗಿನ ಇಟಲಿಯಲ್ಲಿ 'ಫಾಶೊ' ಅಂದರೆ ಸಂಘ, ಕೂಟ ಎಂಬಷ್ಟೇ ಅರ್ಥ. 1919ರ ಮಾರ್ಚ್ 23ರಂದು ಮಿಲಾನ್‌ನ ಸಾನ್ ಸೆಪೊಲ್ಕ್ರೊ ಚೌಕದಲ್ಲಿ ಮುಸ್ಸೊಲಿನಿ ತನ್ನ 'ಹೋರಾಟದ ಫಾಶಿ'ಗಳನ್ನು ಶುರು ಮಾಡಿದಾಗ ಆ ಪದ ಕೇಳಿ ಯಾರೂ ಬೆಚ್ಚಿರಲಿಕ್ಕಿಲ್ಲ. ಅವನೇ ಕೆಲವು ವರ್ಷದ ಹಿಂದೆ ಸಮಾಜವಾದಿ ಪಕ್ಷದ ಪತ್ರಿಕೆಯ ಸಂಪಾದಕನಾಗಿದ್ದವನು.

ತಮಾಷೆ ಏನೆಂದರೆ ಶುರುವಿನಲ್ಲಿ ಅವರ ಕಟ್ಟು ರೋಮನ್ ಆಗಿರಲೂ ಇಲ್ಲ. ಕೊಡಲಿ ನಡುವಿನಿಂದ ಮೇಲಕ್ಕೆ ಎದ್ದಿರುತ್ತಿತ್ತು, ಅದು ಫ್ರೆಂಚ್ ಕ್ರಾಂತಿಯ ಮಾದರಿ. ಅಧಿಕಾರ ಸಿಕ್ಕ ಮೇಲೆ ಇದು ಸರಿಹೋಗಲಿಲ್ಲ. ರೋಮನ್ ಫೋರಂ ಅಗೆದ ಹಿರಿಯ ಪುರಾತತ್ವಜ್ಞ ಜಾಕೊಮೊ ಬೋನಿಯನ್ನು ಕೇಳಿ ಅಸಲಿ ರೂಪ ಮಾಡಿಸಿದರು. ಕೊಡಲಿ ಪಕ್ಕಕ್ಕೆ ಸರಿಯಿತು. 1923ರ ಎರಡು ಲಿರಾ ನಾಣ್ಯದ ಮೇಲೆ ಕಟ್ಟು ಬಂತು. 1926ರ ಡಿಸೆಂಬರ್‌ನಲ್ಲಿ ಒಂದು ಪಕ್ಷದ ಗುರುತು ಕಾನೂನು ಪ್ರಕಾರ ದೇಶದ ಗುರುತಾಯಿತು. 1929ರಲ್ಲಿ ರಾಜಮನೆತನದ ಲಾಂಛನದ ಎರಡೂ ಕಡೆ ನಿಂತಿದ್ದ ಸಿಂಹಗಳನ್ನು ತೆಗೆದು ಆ ಜಾಗದಲ್ಲಿ ಎರಡು ಕಟ್ಟು ನಿಲ್ಲಿಸಿದರು. ರಾಜ ಸುಮ್ನೆ ನೋಡುತ್ತಿದ್ದ.

ಉಳಿದ ಚಿಹ್ನೆಗಳೂ ಸಾಲ ತಂದವೇ. ಕಪ್ಪಂಗಿ ಬಂದದ್ದು ಮೊದಲ ಮಹಾಯುದ್ಧದ 'ಆರ್ದಿತಿ' ಎಂಬ ದಾಳಿ ಪಡೆಗಳಿಂದ. ಹಲ್ಲಲ್ಲಿ ಕಠಾರಿ ಕಚ್ಚಿಕೊಂಡ ತಲೆಬುರುಡೆ, ಕಪ್ಪು ಟೋಪಿ, 'ನನಗೇನಂತೆ' ಎಂಬ ಧಾಟಿಯ ಘೋಷಣೆ ಎಲ್ಲ ಅವರದ್ದೇ. ಆ ಪಡೆಯವರ ಕಾಲರಿನ ಮೇಲೆ ಜ್ವಾಲೆಯಂತೆ ತುದಿ ಒಡೆದ ಕಪ್ಪು ಪಟ್ಟಿ ಇರುತ್ತಿತ್ತು, 'ಕಪ್ಪು ಜ್ವಾಲೆಗಳು' ಎಂದೇ ಅದಕ್ಕೆ ಹೆಸರು. ಈ ಜ್ವಾಲೆಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಬಾಲ್ಕನಿಯ ಮೇಲಿನ ಭಾಷಣ, ಗುಂಪಿನ ಜೊತೆ ಸವಾಲ್ ಜವಾಬಿನ ಥರ ಕೂಗಾಟ, 'ಎಯಾ ಎಯಾ ಅಲಲಾ' ಎಂಬ ಅರ್ಥವಿಲ್ಲದ ಜಯಘೋಷ, ಇವನ್ನೆಲ್ಲ ರೂಢಿಗೆ ತಂದವನು ಕವಿ ಗಾಬ್ರಿಯೇಲೆ ದನುಂತ್ಸಿಯೊ. 1919ರ ಸೆಪ್ಟೆಂಬರ್‌ನಲ್ಲಿ ಅವನು ತನ್ನ ಹಿಂಬಾಲಕರ ಜೊತೆ ಹೋಗಿ ಫಿಯುಮೆ ಎಂಬ ಬಂದರು ಪಟ್ಟಣವನ್ನು ಹಿಡಿದುಕೊಂಡ. ಇವತ್ತು ಅದು ಕ್ರೊಯೇಷ್ಯಾದ ರಿಯೆಕಾ. 1920ರ ಕ್ರಿಸ್‌ಮಸ್ ಹೊತ್ತಿಗೆ ಇಟಲಿ ಸರ್ಕಾರವೇ ಗುಂಡು ಹಾರಿಸಿ ಅವನನ್ನು ಓಡಿಸುವವರೆಗೂ ಅಲ್ಲಿ ದರ್ಬಾರು ನಡೆಸಿದ. ಅವನ ಆ ಪುಟ್ಟ ರಾಜ್ಯದ ಬಾವುಟ ನೋಡಬೇಕು ನೀವು. ಕೆಂಪು ಬಟ್ಟೆ, ನಡುವೆ ತನ್ನ ಬಾಲವನ್ನು ತಾನೇ ಕಚ್ಚಿಕೊಂಡು ಉಂಗುರವಾದ ಹಾವು, ಅದರೊಳಗೆ ಸಪ್ತರ್ಷಿ ಮಂಡಲದ ಏಳು ನಕ್ಷತ್ರ, ಕೆಳಗೆ ಲ್ಯಾಟಿನ್‌ನಲ್ಲಿ 'ನಮಗೆದುರು ಯಾರು?' ನಾಟಕ ಕಂಪನಿಯ ಪರದೆ ಅನ್ನಬೇಕು. ಮುಸ್ಸೊಲಿನಿ ಆ ಬಾವುಟವನ್ನು ಅಲ್ಲೇ ಬಿಟ್ಟು ನಾಟಕವನ್ನು ಮಾತ್ರ ರೋಮ್‌ಗೆ ತಂದ.

ಇನ್ನು ಕೈ ಎತ್ತುವ 'ರೋಮನ್ ವಂದನೆ'. ಹಳೆಯ ರೋಮನ್ನರು ಹೀಗೆ ವಂದಿಸುತ್ತಿದ್ದರು ಎನ್ನಲು ಅವರ ಬರಹಗಳಲ್ಲಿ ಆಧಾರ ಸಿಗುವುದಿಲ್ಲ. 1784ರಲ್ಲಿ ಫ್ರೆಂಚ್ ಕಲಾವಿದ ದಾವಿದ್ ಬರೆದ ಚಿತ್ರವೊಂದರಲ್ಲಿ ಮೂವರು ಅಣ್ಣತಮ್ಮಂದಿರು ಕೈ ಚಾಚಿ ಕತ್ತಿಯ ಮುಂದೆ ಆಣೆ ಮಾಡುತ್ತಾರೆ. ಅಲ್ಲಿಂದ ಅದು ನಾಟಕದ ರಂಗಕ್ಕೆ, ರಂಗದಿಂದ ಮೂಕಿ ಸಿನಿಮಾಗಳ ರೋಮನ್ ಪಾತ್ರಗಳಿಗೆ, ಆಮೇಲೆ ಫಿಯುಮೆಗೆ ಬಂತು. ಎರಡು ಸಾವಿರ ವರ್ಷದ ಪರಂಪರೆ ಎಂದು ಸಾರಿದ್ದು ಅಸಲಿಗೆ ಚಿತ್ರಕಾರನ ಕಲ್ಪನೆ. ಆದರೂ ಅದನ್ನು ಎಷ್ಟು ಗಂಭೀರವಾಗಿ ತೆಗೆದುಕೊಂಡರೆಂದರೆ, 1930ರ ದಶಕದ ಕೊನೆಗೆ ಪಕ್ಷದ ಕಾರ್ಯದರ್ಶಿ ಅಕಿಲ್ಲೆ ಸ್ತರಾಚೆ ಕೈಕುಲುಕುವುದರ ಮೇಲೇ ಯುದ್ಧ ಸಾರಿದ. 1938ರಲ್ಲಿ ಮರ್ಯಾದೆಯ 'ಲೇಯ್' ಸರ್ವನಾಮ ಬಿಟ್ಟು 'ವೋಯ್' ಬಳಸಿ ಎಂಬ ಅಪ್ಪಣೆಯೂ ಬಂತು. ನಾಳೆಯಿಂದ ಯಾರೂ 'ತಾವು' ಅನ್ನಬಾರದು, 'ನೀವು' ಮಾತ್ರ ಎಂದು ಸರ್ಕಾರ ಹೇಳಿದರೆ ಹೇಗಿರುತ್ತದೆ ಯೋಚಿಸಿ. ಕ್ಯಾಲೆಂಡರನ್ನೂ ಬಿಡಲಿಲ್ಲ. 1922ರ ಅಕ್ಟೋಬರ್ 28ರಂದು ನಡೆದ ರೋಮ್ ಮುತ್ತಿಗೆಯ ಮೆರವಣಿಗೆಯಿಂದ ಹೊಸ ಶಕೆ ಎಣಿಸಿದರು. ಇಟಲಿಯ ಊರುಗಳಲ್ಲಿ ಹಳೇ ಅಂಚೆ ಕಚೇರಿ, ಶಾಲೆ, ರೈಲ್ವೆ ನಿಲ್ದಾಣದ ಗೋಡೆಯ ಮೇಲೆ ಇಸವಿ ಪಕ್ಕದಲ್ಲಿ ರೋಮನ್ ಅಂಕಿಯ ಇನ್ನೊಂದು ಸಂಖ್ಯೆ ಕಂಡರೆ ಅದು ಆ ಶಕೆಯ ವರ್ಷ.

ಇಷ್ಟೆಲ್ಲ ಮಾಡಿದವರು ಬಾವುಟ ಬದಲಿಸಲಿಲ್ಲ. ಇದು ಹೆಚ್ಚಿನವರಿಗೆ ಗೊತ್ತಿರುವುದಿಲ್ಲ. ಹಿಟ್ಲರ್ 1935ರಲ್ಲಿ ಸ್ವಸ್ತಿಕದ ಬಾವುಟವನ್ನೇ ಜರ್ಮನಿಯ ಏಕೈಕ ರಾಷ್ಟ್ರಧ್ವಜ ಮಾಡಿದ. ಇಟಲಿಯಲ್ಲಿ ಪಕ್ಷಕ್ಕೆ ಕಪ್ಪು ಬಾವುಟ ಇತ್ತು, ಕಾರ್ಯಕರ್ತರ ತುಕಡಿಗಳಿಗೆ ಕಪ್ಪು ಪತಾಕೆ ಇತ್ತು, ಆದರೆ ದೇಶದ ಬಾವುಟ ಕೊನೆಯವರೆಗೂ ರಾಜನದ್ದು. ತ್ರಿವರ್ಣ, ನಡುವೆ ಸವೊಯ್ ರಾಜಮನೆತನದ ಗುರಾಣಿ, ಅದರಲ್ಲಿ ಬಿಳಿ ಶಿಲುಬೆ. ಇಥಿಯೋಪಿಯಾದ ಮೇಲೆ ವಿಷಾನಿಲ ಸುರಿದದ್ದು, 1938ರಲ್ಲಿ ಯೆಹೂದಿ ಮಕ್ಕಳನ್ನು ಶಾಲೆಯಿಂದ ಹೊರಹಾಕಿದ್ದು, ಎರಡೂ ಈ ಬಾವುಟದ ಕೆಳಗೆ. ಹಾಗಾಗಿ 'ಫ್ಯಾಸಿಸ್ಟ್ ಇಟಲಿಯ ಬಾವುಟ ಯಾವುದು' ಎಂದು ಕೇಳಿದರೆ ಕೊಡಲಿ ಇರುವ ಚಿತ್ರ ತೋರಿಸಿ ಮುಗಿಸಲು ಆಗುವುದಿಲ್ಲ. ಆ ರಾಜನ ಪಾಲೂ ಇದರಲ್ಲಿದೆ.

1943ರ ಜುಲೈ 25ರಂದು ರಾಜನೇ ಮುಸ್ಸೊಲಿನಿಯನ್ನು ಬಂಧಿಸಿದ. ಸೆಪ್ಟೆಂಬರ್‌ನಲ್ಲಿ ಜರ್ಮನ್ನರು ಬಿಡಿಸಿಕೊಂಡು ಹೋಗಿ ಉತ್ತರ ಇಟಲಿಯಲ್ಲಿ ಒಂದು ಸರ್ಕಾರ ಕೂರಿಸಿದರು. ಸಾಲೊ ಗಣರಾಜ್ಯ ಎಂದು ಕರೆಯುವುದು ಅದನ್ನೇ. ರಾಜನ ಜೊತೆ ಸಂಬಂಧ ಹರಿದ ಮೇಲೆ ರಾಜನ ಗುರಾಣಿ ಯಾಕೆ? ತೆಗೆದರು. ಉಳಿದದ್ದು ಏನೂ ಚಿತ್ರವಿಲ್ಲದ ಬರೀ ತ್ರಿವರ್ಣ. ಸೈನ್ಯಕ್ಕೆ ಮಾತ್ರ ಬೇರೆ ಬಾವುಟ, ಅದರಲ್ಲಿ ರೆಕ್ಕೆ ಚಾಚಿದ ಹದ್ದು, ಉಗುರಲ್ಲಿ ಆ ಕಟ್ಟು. ಇವತ್ತಿಗೂ ಉಗ್ರ ಬಲಪಂಥದ ಗುಂಪುಗಳ ಕೈಯಲ್ಲಿ ಕಾಣುವುದು ಈ ಹದ್ದಿನ ಬಾವುಟವೇ. ಆದರೆ ಆ ಬರೀ ತ್ರಿವರ್ಣ? 1946ರಲ್ಲಿ ಜನ ಮತ ಹಾಕಿ ರಾಜನನ್ನು ಕಳಿಸಿದ ಮೇಲೆ ಹೊಸ ಗಣರಾಜ್ಯ ಆರಿಸಿಕೊಂಡದ್ದೂ ಅದನ್ನೇ. 1948ರ ಸಂವಿಧಾನದ 12ನೇ ವಿಧಿಯಲ್ಲಿ ಅದರ ವರ್ಣನೆ ಇದೆ. ಸಾಲೊದ ಕಚೇರಿಗಳ ಮೇಲೆ ಹಾರಿದ ಬಟ್ಟೆ, ಅವರ ವಿರುದ್ಧ ಬೆಟ್ಟಗಳಲ್ಲಿ ಹೋರಾಡಿದವರು ಎತ್ತಿದ ಬಟ್ಟೆ, ಇವತ್ತು ಫುಟ್‌ಬಾಲ್ ಮ್ಯಾಚಿನಲ್ಲಿ ಬೀಸುವ ಬಟ್ಟೆ, ಬಣ್ಣದಲ್ಲಿ ಎಲ್ಲ ಒಂದೇ.

ಇಲ್ಲಿ ಬೆಂಗಳೂರಿನ ಒಂದು ಎಳೆಯೂ ಇದೆ. ಆಫ್ರಿಕಾದಲ್ಲಿ ಬ್ರಿಟಿಷರಿಗೆ ಸೆರೆಸಿಕ್ಕ ಇಟಲಿಯ ಸಾವಿರಾರು ಸೈನಿಕರನ್ನು ತಂದು ಜಾಲಹಳ್ಳಿ ಕಡೆಯ ಶಿಬಿರಗಳಲ್ಲಿ ಇಟ್ಟಿದ್ದರು. ಅವರು ಊರು ಬಿಟ್ಟಾಗ ಇದ್ದದ್ದು ಒಂದು ದೇಶ, ಒಂದು ಬಾವುಟ. ಮುಳ್ಳುತಂತಿಯ ಒಳಗೆ ಕೂತಿರುವಾಗಲೇ ಊರಲ್ಲಿ ಎರಡು ಸರ್ಕಾರ, ಎರಡು ಬಾವುಟ ಆಗಿಹೋಗಿತ್ತು.

ಈಗ ಜ್ವಾಲೆಗೆ ಬರೋಣ. 2022ರಲ್ಲಿ ಇಟಲಿಯ ಪ್ರಧಾನಿಯಾದ ಜಾರ್ಜಾ ಮೆಲೋನಿ ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿರುವುದು 2023ರಲ್ಲಿ ದುಬೈಯಲ್ಲಿ ಮೋದಿ ಜೊತೆ ತೆಗೆದ ಸೆಲ್ಫಿಯಿಂದ, 'ಮೆಲೋಡಿ' ಮೀಮುಗಳಿಂದ. ಅವರ ಪಕ್ಷ 'ಇಟಲಿಯ ಸೋದರರು'. ಅದರ ಚಿಹ್ನೆ ಒಂದು ವೃತ್ತ, ಅದರ ಕೆಳಭಾಗದಲ್ಲಿ ಹಸಿರು, ಬಿಳಿ, ಕೆಂಪು ಬಣ್ಣದ ಸಣ್ಣ ಬೆಂಕಿ ನಾಲಿಗೆ. ನಮ್ಮಲ್ಲಿ ಕೈ, ಕಮಲ, ತೆನೆ ಹೊತ್ತ ಮಹಿಳೆ ಇದ್ದ ಹಾಗೆ ಅಲ್ಲೂ ಮತಪತ್ರದ ಮೇಲೆ ಚಿಹ್ನೆ ಇರುತ್ತದೆ, ಅದರ ಮೇಲೆ ಪೆನ್ಸಿಲ್‌ನಿಂದ X ಗುರುತು ಹಾಕಿ ಮತ ಹಾಕುತ್ತಾರೆ. ಆದರೆ ನಮ್ಮಲ್ಲಿ ಚಿಹ್ನೆ ಕೊಡುವುದು ಚುನಾವಣಾ ಆಯೋಗ. ಅಲ್ಲಿ ಪಕ್ಷವೇ ಬರೆಸಿಕೊಂಡು ಹೋಗಿ ಗೃಹ ಸಚಿವಾಲಯಕ್ಕೆ ಸಲ್ಲಿಸುತ್ತದೆ. ಹಾಗಾಗಿ ಆ ವೃತ್ತದೊಳಗಿನ ಒಂದೊಂದು ಗೆರೆಯೂ ಬೇಕೆಂದೇ ಇಟ್ಟದ್ದು.

ಈ ಜ್ವಾಲೆ ಎಂಎಸ್‌ಐ ಪಕ್ಷದ್ದು. ಮುಸ್ಸೊಲಿನಿ ಸತ್ತ ಮರುವರ್ಷ, 1946ರ ಡಿಸೆಂಬರ್ 26ರಂದು, ಸಾಲೊ ಸರ್ಕಾರದಲ್ಲಿ ಕೆಲಸ ಮಾಡಿದ್ದವರು ಸೇರಿ ಅದನ್ನು ಕಟ್ಟಿದರು. ಮುಂದೆ ಬಹುಕಾಲ ಅದರ ನಾಯಕನಾಗಿದ್ದ ಜಾರ್ಜೊ ಅಲ್ಮಿರಾಂತೆ ಅವರಲ್ಲೊಬ್ಬ. ಜ್ವಾಲೆಯ ಕೆಳಗೆ ಪಕ್ಷದ ಮೂರು ಅಕ್ಷರ ಬರೆದ ಒಂದು ಪೀಠ ಇತ್ತು, ಮೇಲೆ ಕಿರಿದು, ಕೆಳಗೆ ಅಗಲ. ಜನ ಅದನ್ನು ಮುಸ್ಸೊಲಿನಿಯ ಶವಪೆಟ್ಟಿಗೆ ಎಂದು ಓದಿದರು. ಸತ್ತವನ ಆತ್ಮ ಬೆಂಕಿಯಾಗಿ ಏಳುತ್ತಿದೆ ಎಂದು ಅರ್ಥ ಹೇಳಿದರು. ಪಕ್ಷದವರು ಹಾಗೇನಿಲ್ಲ, ಇದು ಯುದ್ಧದ ಆರ್ದಿತಿಗಳ ಜ್ವಾಲೆಯ ನೆನಪು ಎನ್ನುತ್ತ ಬಂದರು. ಗಮ್ಮತ್ತೆಂದರೆ, ಪಕ್ಷ ಹುಟ್ಟಿದಾಗ ಮುಸ್ಸೊಲಿನಿಗೆ ಗೋರಿಯೇ ಇರಲಿಲ್ಲ. 1946ರ ಏಪ್ರಿಲ್‌ನಲ್ಲಿ ಅಭಿಮಾನಿಗಳು ಅವನ ಹೆಣವನ್ನು ಮಿಲಾನ್‌ನ ಸ್ಮಶಾನದಿಂದ ಕದ್ದಿದ್ದರು. ಆಗಸ್ಟ್‌ನಲ್ಲಿ ಸರ್ಕಾರ ಅದನ್ನು ಪತ್ತೆಹಚ್ಚಿ ಒಂದು ಮಠದಲ್ಲಿ ಗುಟ್ಟಾಗಿ ಇಟ್ಟಿತು. ಹುಟ್ಟೂರು ಪ್ರೆದಾಪ್ಪಿಯೊದಲ್ಲಿ ಮಣ್ಣಾದದ್ದು 1957ರಲ್ಲಿ. ಅಂದರೆ ಹೆಚ್ಚುಕಡಿಮೆ ಹನ್ನೊಂದು ವರ್ಷ ಆ ಚಿತ್ರವೇ ಗೋರಿಯ ಕೆಲಸ ಮಾಡಿತು ಎಂದು ನಾನು ಅಂದುಕೊಳ್ಳುತ್ತೇನೆ.

ಎರಡರಲ್ಲಿ ಯಾವ ಅರ್ಥ ನಿಜ ಎಂದು ತಲೆಕೆಡಿಸಿಕೊಳ್ಳಬೇಕಿಲ್ಲ. ಎರಡೂ ಒಟ್ಟಿಗೇ ಇರಬಹುದಾದ್ದರಿಂದಲೇ ಅದು ಇಷ್ಟು ಕಾಲ ಬಾಳಿತು. ಮುಸ್ಸೊಲಿನಿಯ 20 ವರ್ಷದ ಆಡಳಿತದಲ್ಲಿ ಈ ತ್ರಿವರ್ಣ ಜ್ವಾಲೆ ದೇಶದ ಚಿಹ್ನೆಯೂ ಆಗಿರಲಿಲ್ಲ, ಪಕ್ಷದ ಚಿಹ್ನೆಯೂ ಆಗಿರಲಿಲ್ಲ. ಕಟ್ಟು, ಕೊಡಲಿ, ಹದ್ದು ಎಲ್ಲ ಕಾನೂನಿನ ಕಣ್ಣಿಗೆ ಬೀಳುತ್ತವೆ. ಜ್ವಾಲೆ ಬೀಳುವುದಿಲ್ಲ. ಗುರುತು ಹಿಡಿಯಬೇಕಾದವರಿಗೆ ಗುರುತು ಸಿಗುತ್ತದೆ, ಉಳಿದವರಿಗೆ ಅದು ಬಾವುಟದ ಬಣ್ಣದ ಚಂದದ ಚಿತ್ರ. 1972ರಲ್ಲಿ ಫ್ರಾನ್ಸ್‌ನ ಉಗ್ರ ಬಲಪಂಥದ ಪಕ್ಷ ನ್ಯಾಷನಲ್ ಫ್ರಂಟ್ ಹುಟ್ಟಿದಾಗ ಹಸಿರಿನ ಬದಲು ನೀಲಿ ಹಾಕಿ ಇದನ್ನೇ ಎತ್ತಿಕೊಂಡಿತು.

ಜ್ವಾಲೆ ಕರಗಿದ ರೀತಿಯೂ ನೋಡುವಂಥದ್ದು. 1995ರಲ್ಲಿ ಪಕ್ಷದ ಆಗಿನ ನಾಯಕ ಜಾನ್‌ಫ್ರಾಂಕೊ ಫೀನಿ, ಫ್ಯೂಜ್ಜಿ ಎಂಬ ಊರಿನ ಸಮಾವೇಶದಲ್ಲಿ ಎಂಎಸ್‌ಐಯನ್ನು ಮುಗಿಸಿ 'ರಾಷ್ಟ್ರೀಯ ಮೈತ್ರಿ' ಎಂಬ ಹೊಸ ಪಕ್ಷ ಮಾಡಿದರು. ಜ್ವಾಲೆ ಸಣ್ಣದಾಗಿ ಕೆಳಗೆ ಸರಿಯಿತು. ಆ ಪಕ್ಷವೂ ಮುಗಿದ ಮೇಲೆ 2012ರ ಕೊನೆಗೆ ಮೆಲೋನಿ ಮತ್ತು ಸಂಗಡಿಗರು ಈಗಿನ ಪಕ್ಷ ಕಟ್ಟಿದರು. 2014ರಲ್ಲಿ ಜ್ವಾಲೆ ಮರಳಿತು. 2017ರಲ್ಲಿ ಅದರ ಬುಡದ ಪೀಠ, ಎಂಎಸ್‌ಐ ಎಂಬ ಅಕ್ಷರ ಎರಡನ್ನೂ ತೆಗೆದರು. ಶವಪೆಟ್ಟಿಗೆ ಹೋಯಿತು, ಬೆಂಕಿ ಉಳಿಯಿತು. 2022ರ ಸೆಪ್ಟೆಂಬರ್ 25ರ ಚುನಾವಣೆಯಲ್ಲಿ ಈ ಚಿಹ್ನೆಗೆ ಸುಮಾರು ನೂರಕ್ಕೆ 26ರಷ್ಟು ಮತ ಬಂತು.

ಆ ಚುನಾವಣೆಗೆ ಮೊದಲು, ಆಗಸ್ಟ್‌ನಲ್ಲಿ, ಸೆನೆಟರ್ ಲಿಲಿಯಾನಾ ಸೆಗ್ರೆ ಮೆಲೋನಿಯನ್ನು ಕೇಳಿಕೊಂಡಿದ್ದರು, ಆ ಜ್ವಾಲೆಯನ್ನು ತೆಗೆಯಿರಿ ಎಂದು. ಸೆಗ್ರೆ ಎಂಟು ವರ್ಷದ ಹುಡುಗಿಯಾಗಿದ್ದಾಗ ಯೆಹೂದಿ ಎಂಬ ಕಾರಣಕ್ಕೆ ಶಾಲೆಯಿಂದ ಹೊರಹಾಕಿಸಿಕೊಂಡವರು, ಹದಿಮೂರಕ್ಕೆ ಆಶ್ವಿಟ್ಸ್‌ಗೆ ಸಾಗಿಸಲ್ಪಟ್ಟು ಬದುಕಿ ಬಂದವರು. ಮೆಲೋನಿ ತೆಗೆಯಲಿಲ್ಲ. ಇಟಲಿಯ ಬಲಪಂಥ ಫ್ಯಾಸಿಸಂ ಅನ್ನು ದಶಕಗಳ ಹಿಂದೆಯೇ ಇತಿಹಾಸಕ್ಕೆ ಒಪ್ಪಿಸಿಬಿಟ್ಟಿದೆ ಎಂದು ಅದೇ ತಿಂಗಳು ಅವರು ವಿಡಿಯೊದಲ್ಲಿ ಹೇಳಿದರು, ಯೆಹೂದಿ ವಿರೋಧಿ ಕಾನೂನುಗಳನ್ನು ಖಂಡಿಸಿದರು. ಈ ಮಾತನ್ನು ನಂಬದೇ ಇರಲು ನನಗೆ ಕಾರಣವಿಲ್ಲ. ಆದರೆ ಒಪ್ಪಿಸಿಬಿಟ್ಟ ಮೇಲೆ ಆ ಬೆಂಕಿಯನ್ನು ಯಾಕೆ ಇಟ್ಟುಕೊಂಡಿರಿ ಎಂಬ ಪ್ರಶ್ನೆಗೆ ಆ ಮಾತಿನಲ್ಲಿ ಉತ್ತರವಿಲ್ಲ. ಅಕ್ಟೋಬರ್ 13ರಂದು ಹೊಸ ಸೆನೆಟ್ ಸೇರಿದಾಗ ಹಿರಿಯ ಸದಸ್ಯೆಯಾಗಿ ಪೀಠದಲ್ಲಿ ಕೂತಿದ್ದವರು ಸೆಗ್ರೆ. ಅವರು ಪೀಠ ಬಿಟ್ಟುಕೊಟ್ಟದ್ದು ಹೊಸ ಅಧ್ಯಕ್ಷ ಇನ್ಯಾತ್ಸಿಯೊ ಲಾ ರುಸ್ಸಾಗೆ. ಅವರ ಪೂರ್ತಿ ಹೆಸರಲ್ಲಿ 'ಬೆನಿತೊ' ಎಂದೂ ಇದೆ, ಮುಸ್ಸೊಲಿನಿಯ ಹೆಸರು.

ಕಾನೂನು ಏನು ಹೇಳುತ್ತದೆ? ಸಂವಿಧಾನದ ಕೊನೆಗೆ ಸೇರಿಸಿದ 12ನೇ 'ತಾತ್ಕಾಲಿಕ ಮತ್ತು ಅಂತಿಮ' ನಿಯಮ ಖಡಕ್ಕಾಗಿದೆ. ಫ್ಯಾಸಿಸ್ಟ್ ಪಕ್ಷವನ್ನು ಯಾವ ರೂಪದಲ್ಲೂ ಮತ್ತೆ ಕಟ್ಟಬಾರದು. 1952ರ ಷೆಲ್ಬಾ ಕಾನೂನು ಅದಕ್ಕೆ ಶಿಕ್ಷೆ ಗೊತ್ತುಮಾಡಿತು, ಸಾರ್ವಜನಿಕವಾಗಿ ಫ್ಯಾಸಿಸ್ಟ್ ಪದ್ಧತಿಯ ಪ್ರದರ್ಶನ ಮಾಡುವುದನ್ನೂ ಸೇರಿಸಿತು. 1993ರ ಮಾಂಚಿನೊ ಕಾನೂನು ಜನಾಂಗ ದ್ವೇಷ ಹರಡುವ ಗುಂಪುಗಳ ಲಾಂಛನ ತೋರಿಸುವುದನ್ನು ಅಪರಾಧ ಮಾಡಿತು. ಕೇಳಲು ಗಟ್ಟಿಯಾಗಿದೆ. ಆದರೆ 1957ರಲ್ಲಿ, 1958ರಲ್ಲಿ ಸಾಂವಿಧಾನಿಕ ನ್ಯಾಯಾಲಯ ಒಂದು ಗೆರೆ ಎಳೆಯಿತು. ಬರೀ ಹೊಗಳಿದರೆ, ಬರೀ ಕೈ ಎತ್ತಿದರೆ ಸಾಲದು, ಆ ಪಕ್ಷ ಮತ್ತೆ ಎದ್ದು ನಿಲ್ಲುವ ಅಪಾಯ ಅದರಲ್ಲಿರಬೇಕು ಎಂದಿತು. ಮಾತಾಡುವ ಸ್ವಾತಂತ್ರ್ಯವೂ ಅದೇ ಸಂವಿಧಾನದಲ್ಲಿದೆಯಲ್ಲ.

2024ರ ತೀರ್ಪು ಇದೇ ಗೆರೆಯ ಮೇಲೆ ನಡೆಯಿತು. ಮೊಕದ್ದಮೆ 2016ರಲ್ಲಿ ಮಿಲಾನ್‌ನಲ್ಲಿ ನಡೆದ ಒಂದು ಸ್ಮರಣೆಯದ್ದು. ಅಲ್ಲೂ ಅದೇ ಹಾಜರಿ ಕೂಗು, ಅದೇ ಕೈ. ನ್ಯಾಯಾಲಯ ಹೇಳಿದ್ದಿಷ್ಟು: ಕೂಗು ಮತ್ತು ಕೈ ಷೆಲ್ಬಾ ಕಾನೂನಿನಡಿ ಅಪರಾಧ ಆಗಬಹುದು, ಆದರೆ ಆ ಜಾಗ, ಆ ಸಂದರ್ಭ, ಆ ಜನ ಎಲ್ಲ ನೋಡಿ ನಿಜವಾದ ಅಪಾಯ ಇತ್ತೇ ಎಂದು ತೂಗಬೇಕು. ದ್ವೇಷದ ಗುಂಪಿಗೆ ಸೇರಿದ ಪ್ರದರ್ಶನವಾದರೆ ಮಾಂಚಿನೊ ಕಾನೂನೂ ಅನ್ವಯಿಸಬಹುದು. ಹೀಗೆಂದು ಆ ಮೊಕದ್ದಮೆಯನ್ನು ಮೇಲ್ಮನವಿಯ ಮರುವಿಚಾರಣೆಗೆ ವಾಪಸ್ ಕಳಿಸಿತು. ಕೈ ಎತ್ತಿದವರ ಕಡೆಯವರು ನಾವು ಗೆದ್ದೆವು ಎಂದರು. ವಿರೋಧಿಗಳೂ ಇದು ಅಪರಾಧ ಎಂದು ಕೊನೆಗೂ ಹೇಳಿದರಲ್ಲ ಎಂದರು.

ತತ್ವವಾಗಿ ನನಗೆ ಆ ತೀರ್ಪು ಸರಿ ಅನಿಸುತ್ತದೆ. ಕಟ್ಟಿನ ಚಿತ್ರ ಇಟ್ಟುಕೊಂಡವರನ್ನೆಲ್ಲ ಹಿಡಿಯಹೊರಟರೆ ಲಿಂಕನ್ ಪ್ರತಿಮೆಯನ್ನೂ ಹಿಡಿಯಬೇಕಾದೀತು. ತೊಡಕಿರುವುದು ತೂಗುವ ಕೈಯಲ್ಲಿ. ಪ್ರತಿವರ್ಷ ಅದೇ ದಿನ, ಅದೇ ಅಂಗಳದಲ್ಲಿ, ಕವಾಯತಿನ ಶಿಸ್ತಿನಲ್ಲಿ ನೂರಾರು ಜನ ಸಾಲು ನಿಂತರೆ ಅದು ದುಃಖವೋ ತಾಲೀಮೋ? ಪೊಲೀಸ್ ಒಂದು ಹೇಳುತ್ತಾನೆ, ಜಡ್ಜ್ ಇನ್ನೊಂದು. 2024ರ ಜನವರಿಯ ಆ ಕೂಟಕ್ಕೆ ಸರಿಯಾಗಿ ಒಂದು ತಿಂಗಳ ಹಿಂದೆ, 2023ರ ಡಿಸೆಂಬರ್ 7ರಂದು, ಮಿಲಾನ್‌ನ ಲಾ ಸ್ಕಾಲಾ ಒಪೆರಾದಲ್ಲಿ ರಾಷ್ಟ್ರಗೀತೆ ಮುಗಿದಾಗ ಪ್ರೇಕ್ಷಕನೊಬ್ಬ "ಫ್ಯಾಸಿಸ್ಟ್ ವಿರೋಧಿ ಇಟಲಿಗೆ ಜಯವಾಗಲಿ" ಎಂದು ಕೂಗಿದ್ದ. ಪೊಲೀಸರು ಅವತ್ತೇ ರಾತ್ರಿ ಬಂದು ಅವನ ಗುರುತಿನ ಚೀಟಿ ಕೇಳಿದರು. ಎರಡು ಘಟನೆಗಳನ್ನು ಪಕ್ಕಪಕ್ಕ ಇಟ್ಟು ಇಟಲಿಯ ಜನ ನಕ್ಕಿದ್ದೂ ಆಯಿತು, ಸಿಟ್ಟಾಗಿದ್ದೂ ಆಯಿತು.

ಹೊಸ ತಂತ್ರವಂತೂ ಇನ್ನೂ ಜಾಣತನದ್ದು. 2024ರ ಯುರೋಪ್ ಚುನಾವಣೆಯಲ್ಲಿ ಬಲಪಂಥದ ಲೇಗಾ ಪಕ್ಷದಿಂದ ನಿಂತ ಸೇನಾಧಿಕಾರಿ ರೊಬೆರ್ತೊ ವನ್ನಾಚ್ಚಿ ಪಕ್ಷದ ಚಿಹ್ನೆಯ ಮೇಲೆ "ಒಂದು ದೆಚಿಮಾ ಹಾಕಿ" ಎಂದು ಮತ ಕೇಳಿದರು. ದೆಚಿಮಾ ಅಂದರೆ ಹತ್ತನೆಯದು. ರೋಮನ್ ಹತ್ತು ಅಂದರೆ X, ಮತಪತ್ರದ ಮೇಲೆ ಹಾಕುವುದೂ X. ಇಷ್ಟಾದರೆ ಸುಮ್ನೆ ಪದದ ಆಟ. ಆದರೆ 'ದೆಚಿಮಾ ಮಾಸ್' ಒಂದು ನೌಕಾ ತುಕಡಿಯ ಹೆಸರು. 1941ರಲ್ಲಿ ಅದರ ಮುಳುಗುಗಾರರು ಅಲೆಕ್ಸಾಂಡ್ರಿಯಾ ಬಂದರಿನೊಳಗೆ ನುಸುಳಿ ಎರಡು ಬ್ರಿಟಿಷ್ ಯುದ್ಧನೌಕೆಗಳ ತಳಕ್ಕೆ ಸ್ಫೋಟಕ ಇಟ್ಟಿದ್ದರು. 1943ರ ನಂತರ ಅದೇ ಹೆಸರಿನ ಪಡೆ ಸಾಲೊ ಪರವಾಗಿ, ಜರ್ಮನ್ನರ ಜೊತೆ ಸೇರಿ ಸ್ವಂತ ಜನರ ಮೇಲೆ ಬಂದೂಕು ಎತ್ತಿತು. ಕೇಳಿದರೆ 1941ರ ಸಾಹಸ ಎನ್ನಬಹುದು. ಕೇಳಬೇಕಾದವರಿಗೆ 1944 ಕೇಳಿಸುತ್ತದೆ. ವನ್ನಾಚ್ಚಿ ಗೆದ್ದು ಯುರೋಪ್ ಸಂಸತ್ತಿಗೆ ಹೋದರು.

ಕಾನೂನಿಗೆ ಸಿಕ್ಕುವುದು ಮನುಷ್ಯ. ಕಲ್ಲಿನ ಕತೆ ಬೇರೆ. 1943ರ ಜುಲೈನಲ್ಲಿ ಮುಸ್ಸೊಲಿನಿ ಬಿದ್ದ ಸುದ್ದಿ ರೇಡಿಯೊದಲ್ಲಿ ಬಂದೊಡನೆ ಜನ ಸುತ್ತಿಗೆ, ಉಳಿ ಹಿಡಿದು ಏಣಿ ಹತ್ತಿ ಗೋಡೆಗಳ ಮೇಲಿನ ಕಟ್ಟುಗಳನ್ನು ಕೆತ್ತಿ ಬಿಸಾಡಿದರು. ಆದರೆ ಇಪ್ಪತ್ತು ವರ್ಷ ಕೆತ್ತಿದ್ದನ್ನು ಕೆಲವು ದಿನದಲ್ಲಿ ಅಳಿಸಲು ಆದೀತೇ? ರೋಮ್‌ನ ಮ್ಯಾನ್‌ಹೋಲ್ ಮುಚ್ಚಳಗಳ ಮೇಲೆ ಇನ್ನೂ ಸಣ್ಣ ಕಟ್ಟು ಸಿಗುತ್ತದೆ. ಅಲ್ಲಿನ ಕ್ರೀಡಾಂಗಣದ ಮುಂದೆ ಅಮೃತಶಿಲೆಯ ಕಂಬದ ಮೇಲೆ ಲ್ಯಾಟಿನ್‌ನಲ್ಲಿ 'ನಾಯಕ ಮುಸ್ಸೊಲಿನಿ' ಎಂದು ಆಳೆತ್ತರದ ಅಕ್ಷರಗಳಿವೆ. 2015ರಲ್ಲಿ ಸಂಸತ್ತಿನ ಕೆಳಮನೆಯ ಅಧ್ಯಕ್ಷೆ ಲಾವ್ರಾ ಬೊಲ್ದ್ರೀನಿ ಆ ಹೆಸರನ್ನಾದರೂ ತೆಗೆಯಬಹುದಲ್ಲ ಎಂದದ್ದಕ್ಕೆ ದೊಡ್ಡ ರಂಪವಾಯಿತು. ಕಂಬ ಹಾಗೇ ಇದೆ, ಅದರ ಪಕ್ಕ ಹುಡುಗರು ಸ್ಕೇಟಿಂಗ್ ಮಾಡುತ್ತಾರೆ.

ಬೊಲ್ಝಾನೊದವರು ಬೇರೆ ದಾರಿ ಹಿಡಿದರು. ಆಲ್ಪ್ಸ್ ತಪ್ಪಲಿನ ಈ ಊರು ಮೊದಲ ಮಹಾಯುದ್ಧದ ನಂತರ ಆಸ್ಟ್ರಿಯಾದಿಂದ ಇಟಲಿಗೆ ಬಂದದ್ದು. ಸುತ್ತಲಿನವರ ಮಾತು ಜರ್ಮನ್. ಫ್ಯಾಸಿಸ್ಟರು ಶಾಲೆಯಿಂದ ಜರ್ಮನ್ ತೆಗೆದರು, ಊರುಗಳ ಹೆಸರನ್ನೆಲ್ಲ ಇಟಾಲಿಯನ್ ಮಾಡಿದರು. 1928ರಲ್ಲಿ ಕಟ್ಟಿದ ವಿಜಯ ಸ್ಮಾರಕದ ಕಂಬಗಳೇ ಕೊಡಲಿ ಕಟ್ಟಿನ ಆಕಾರದವು. ಅದರ ಮೇಲೊಂದು ಲ್ಯಾಟಿನ್ ಸಾಲು, ಇಲ್ಲಿಂದ ನಾವು ಉಳಿದವರಿಗೆ ಭಾಷೆ, ಕಾನೂನು, ಕಲೆ ಕಲಿಸಿದೆವು ಎಂಬ ಅರ್ಥದ್ದು. ಮನೆಯಲ್ಲಿ ಒಂದು ಭಾಷೆ, ಬೋರ್ಡಿನ ಮೇಲೆ ಇನ್ನೊಂದು ಭಾಷೆ ನೋಡುತ್ತ ಬೆಳೆದವರಿಗೆ ಆ ಸಾಲು ಹೇಗೆ ಚುಚ್ಚೀತು ಎಂದು ಬಿಡಿಸಿ ಹೇಳಬೇಕಿಲ್ಲ. ಅದೇ ಊರಿನ ಇನ್ನೊಂದು ಸರ್ಕಾರಿ ಕಟ್ಟಡದ ಮುಂಭಾಗದಲ್ಲಿ ಕುದುರೆ ಏರಿದ ಮುಸ್ಸೊಲಿನಿಯ ದೊಡ್ಡ ಉಬ್ಬುಶಿಲ್ಪ. ಅದರಲ್ಲಿ 'ನಂಬು, ಪಾಲಿಸು, ಹೋರಾಡು' ಎಂದು ಕೆತ್ತಿದೆ. ಒಡೆಯಬೇಕೋ ಬೇಡವೋ ಎಂದು ವರ್ಷಗಟ್ಟಲೆ ಜಗಳ. ಕೊನೆಗೆ 2017ರಲ್ಲಿ ಶಿಲ್ಪಕ್ಕೆ ಅಡ್ಡಲಾಗಿ ದೀಪದ ಅಕ್ಷರಗಳಲ್ಲಿ ಚಿಂತಕಿ ಹನ್ನಾ ಅರೆಂಟ್‌ರ ಒಂದು ಮಾತನ್ನು ಬರೆದರು. "ವಿಧೇಯರಾಗಿರುವ ಹಕ್ಕು ಯಾರಿಗೂ ಇಲ್ಲ." ಇಟಾಲಿಯನ್, ಜರ್ಮನ್, ಮತ್ತೆ ಆ ಬೆಟ್ಟಗಳ ಸಣ್ಣ ಭಾಷೆ ಲಾದಿನ್, ಮೂರರಲ್ಲೂ. ಕತ್ತಲಾದ ಮೇಲೆ ಕಲ್ಲು ಹಿಂದೆ ಸರಿದು ಅಕ್ಷರ ಮುಂದೆ ಬರುತ್ತದೆ.

ನನಗೆ ಅದಕ್ಕಿಂತ ಇಷ್ಟವಾಗುವುದು ಅಡಿಸ್ ಅಬಾಬಾದ ಮೆಟ್ಟಿಲು. 1936ರಲ್ಲಿ ಇಥಿಯೋಪಿಯಾವನ್ನು ಆಕ್ರಮಿಸಿದ ಇಟಲಿಯವರು ಚಕ್ರವರ್ತಿಯ ಅರಮನೆಯ ಮುಂದೆ ಒಂದು ಸುರುಳಿ ಮೆಟ್ಟಿಲು ಕಟ್ಟಿದರು. ಅದು ಯಾವ ಕಟ್ಟಡಕ್ಕೂ ಹತ್ತಿಸುವುದಿಲ್ಲ, ಬಯಲಲ್ಲಿ ಸುಮ್ನೆ ಮೇಲಕ್ಕೆ ಹೋಗುತ್ತದೆ. ಮುಸ್ಸೊಲಿನಿ ಅಧಿಕಾರಕ್ಕೆ ಬಂದ ವರ್ಷದಿಂದ ಲೆಕ್ಕ, ವರ್ಷಕ್ಕೊಂದು ಮೆಟ್ಟಿಲು. 1941ರಲ್ಲಿ ಇಟಲಿಯವರು ಸೋತು ಹೋದರು. ಆ ಅರಮನೆ ಈಗ ವಿಶ್ವವಿದ್ಯಾಲಯ. ಇಥಿಯೋಪಿಯಾದವರು ಮೆಟ್ಟಿಲನ್ನು ಒಡೆಯಲಿಲ್ಲ. ಕೊನೆಯ ಮೆಟ್ಟಿಲಿನ ಮೇಲೆ ತಮ್ಮ ಚಕ್ರವರ್ತಿಯ ಲಾಂಛನವಾದ ಸಿಂಹದ ಒಂದು ಸಣ್ಣ ಮೂರ್ತಿಯನ್ನು ಕೂರಿಸಿದರು.